ಟೆಂಪೊವಿನ ವಿಕ್ರಯ

ಮುಂಬಯಿಯ ಸಯನ್ನಿನಲ್ಲಿ ನಡೆಸುತ್ತಿದ್ದ ಊಟದ ಗುತ್ತಿಗೆಯನ್ನು ಕಡಿಮೆ ಮಾಡಿಕೊಂಡ ಮೇಲೆ, ಏಸಿಯಾಗಲಿ ಪವರ್ ಸ್ಟೀರಿಂಗ್ ಆಗಲಿ ಇಲ್ಲದ, ಭಾರ ಹೊರುವುದೊಂದನ್ನೇ ಬಲ್ಲ ನನ್ನ ಸಣ್ಣ ಪಿಕಪ್ ಟೆಂಪೊವನ್ನು ದಲಾಲರ ಕೈಗೊಪ್ಪಿಸದೆ ನಾನೇ ಮಾರಲು ನಿಶ್ಚಯಿಸಿದೆನು. ದಲಾಲನು ನಮಗೆ ಕೊಡುವ ಬೆಲೆಗೂ ಮುಂದಿನವನಿಂದ ಪಡೆಯುವ ಬೆಲೆಗೂ ಇರುವ ಅಂತರವು, ಗಿರಾಕಿಯನ್ನು ಹುಡುಕಿ, ಕಾಗದಪತ್ರಗಳನ್ನು ಸರಿಪಡಿಸಿ, ಹೆಸರು ಬದಲಾಗುವವರೆಗೆ ಕಾಯುವ ಶ್ರಮದ ಪ್ರತಿಫಲವಾದುದರಿಂದ, ಆ ಶ್ರಮಕ್ಕೆ ಸಿದ್ಧನಾದವನು ಮಾತ್ರ ಆ ಹಣಕ್ಕೆ ಆಸೆಪಡುವುದು ನ್ಯಾಯ.

ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ತರಕಾರಿ ಹೊತ್ತ ಗಾಡಿಯದು. ಒದ್ದೆ ಗೋಣಿಗಳ ನೀರಿನಿಂದ ತಳದ ತಗಡು ತುಕ್ಕು ಹಿಡಿದಿದ್ದ ಭಾಗವನ್ನು ಬಣ್ಣ ಬಳಿದು ಮರೆಮಾಚದೆ ಬಂದವರಿಗೆಲ್ಲ ತೋರಿಸಿದೆನು. ಮಳೆಗಾಲದಲ್ಲಿ ಗಾಂಧಿ ಮಾರ್ಕೆಟಿನ ರಸ್ತೆ ಜಲಾವೃತವಾಗುವುದನ್ನು ಬಲ್ಲ ಮುಂಬಯಿಯ ಗಿರಾಕಿಗಳು, ಇಂಜಿನ್ನಿಗೆ ನೀರು ಹೊಕ್ಕಿತ್ತೇ ಎಂದು ಕೇಳದೆ ಬಿಡುತ್ತಿರಲಿಲ್ಲ. ಅನಂತರದ ಪ್ರಶ್ನೆ ಪಾಸಿಂಗಿನದು. ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆಯೂ, ಆಮೇಲೆ ಪ್ರತಿವರ್ಷವೂ ಫಿಟ್‌ನೆಸ್ ಪತ್ರವನ್ನು ನವೀಕರಿಸಬೇಕಾಗಿರುವುದರಿಂದ, ಅವಧಿ ಮುಗಿಯಲಿರುವ ಗಾಡಿಯನ್ನು ಪಾಸ್ ಮಾಡಿಸಿಯೇ ಮಾರುವುದು ಲಾಭಕರವೆಂಬುದು ನನ್ನ ಅನುಭವ.

ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವನು, ಫಾರ್ಮುಗಳಿಗೆ ಸಹಿ ಹಾಕಿಕೊಡಿ, ಹೆಸರನ್ನು ಆಮೇಲೆ ಮಾಡಿಸಿಕೊಳ್ಳುತ್ತೇನೆ ಎಂದನು. ಅವನನ್ನು ನಾನು ಹಿಂದಕ್ಕೆ ಕಳುಹಿಸಿದೆನು. ವಾಹನವು ಹಲವು ಕೈ ದಾಟಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಆ ಅಪಘಾತದಲ್ಲಿ ಮೃತಪಟ್ಟುದು ಒಂದು ಮಗು. ನಾನು ಮುಖವನ್ನೇ ಕಾಣದ ಚಾಲಕನೊಬ್ಬನು, ವಿಮೆಯಿಲ್ಲದ ಗಾಡಿಯನ್ನು ನನ್ನ ಹೆಸರಿನಲ್ಲಿ ಓಡಿಸಿ ಯಾರದೋ ಮನೆಯನ್ನು ಹಾಳುಮಾಡುವ ಸಂಭವಕ್ಕೆ ಬೆಲೆ ಕಟ್ಟುವುದು ನನ್ನಿಂದ ಆಗದು. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಕಲಮು, ಅದೇ ರಾಜ್ಯದೊಳಗಿನ ಮಾರಾಟವನ್ನು ಹದಿನಾಲ್ಕು ದಿನಗಳೊಳಗೆ ತಿಳಿಸುವ ಕರ್ತವ್ಯವನ್ನು ಮಾರಿದವನ ಮೇಲೆಯೇ ಇರಿಸಿದೆ.

ಕಡೆಗೆ ಗಾಡಿಯು ಧಾರಾವಿಯಲ್ಲಿ ನೆಲೆಸಿದ ಕಲಬುರಗಿ ಕಡೆಯ ತರುಣನ ಪಾಲಾಯಿತು. “ಸಾಹೇಬ್ರ, ರೊಕ್ಕ ತಯಾರದ, ಆದ್ರ ನೀವೂ ನನ್ನ ಜೋಡಿ ಆರ್‌ಟಿಓಕ್ಕ ಬರ್ಬೇಕ್ ನೋಡ್ರಿ” ಎಂದು ಷರತ್ತನ್ನು ಅವನೇ ಮೊದಲು ಹಾಕಿದನು, ಬೆಲೆ ತುಸು ಕಡಿಮೆಯಾದರೂ ನಾನು ಮನಃಪೂರ್ವಕವಾಗಿ ಒಪ್ಪಿದೆನು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿರುವುದರಿಂದ, ಹಣವೆಲ್ಲವೂ ಬ್ಯಾಂಕಿನ ಮೂಲಕವೇ ಸಂದಿತು. ಬಾಕಿಯಿದ್ದ ಚಲನ್ನುಗಳನ್ನು ತೀರಿಸಿ, ತಾಡದೇವದ ಆರ್‌ಟಿಓದಲ್ಲಿ 29 ಮತ್ತು 30ನೆಯ ಫಾರ್ಮುಗಳನ್ನು ಜೊತೆಯಾಗಿ ಸಲ್ಲಿಸಿ, ಗಾಡಿ ಒಪ್ಪಿಸಿದ ತಾರೀಖನ್ನೂ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿದೆವು. ವರ್ಷವರ್ಷವೂ ಸವಕಳಿ ತೋರಿಸಿದ ವಾಹನವಾದುದರಿಂದ, ಬಂದ ಹಣವನ್ನು ಆ ವರ್ಗದ ಆಸ್ತಿಗಳ ಉಳಿಕೆ ಮೌಲ್ಯದಿಂದ ಕಳೆಯುವಂತೆ ನಮ್ಮ ಲೆಕ್ಕಪರಿಶೋಧಕರಿಗೆ ತಿಳಿಸಿ, ಫಾಸ್ಟ್‌ಟ್ಯಾಗ್ ಖಾತೆಯನ್ನು ಮುಚ್ಚಿಸಿದೆನು.