ಮನೆನೊಣ ಮತ್ತು ಕೊಟ್ಟಿಗೆ ನೊಣ: ವ್ಯತ್ಯಾಸಗಳು

ಸಾಮ್ಯತೆ
1. ಗಣ: ಡಿಪ್ಟೆರಾ, ಕುಟುಂಬ: ಮಸ್ಸಿಡೇ.
2. ಒಂದು ಜೊತೆ ರೆಕ್ಕೆ. ಹಿಂದಿನ ಜೊತೆ ಸಮತೋಲನದ ಹಾಲ್ಟೀರ್‌ಗಳಾಗಿ ಮಾರ್ಪಾಟು.
3. ಪೂರ್ಣ ರೂಪಾಂತರ: ಮೊಟ್ಟೆ–ಲಾರ್ವಾ–ಪ್ಯೂಪಾ–ಪ್ರೌಢ.
4. ಎರಡನ್ನೂ ವಿವರಿಸಿದವರು: ಲಿನ್ನೇಯಸ್ (1758).

ಮನೆನೊಣ (ಮಸ್ಕಾ ಡೊಮೆಸ್ಟಿಕಾ)
• ಸ್ಪಂಜಿನಂತಹ ಬಾಯಿ, ಕಚ್ಚುವುದಿಲ್ಲ. ಜೊಲ್ಲು ಸುರಿಸಿ, ಆಹಾರ ಕರಗಿಸಿ ಹೀರುತ್ತದೆ.
• ಎದೆಯ ಮೇಲೆ 4 ಕಪ್ಪು ಗೆರೆ.
• ತಾಣ: ತಿಪ್ಪೆ, ಸಗಣಿ, ಕೊಳೆತ ಕಸ.
• ಹರಡುವ ರೋಗ: ಕಾಲರಾ, ಟೈಫಾಯ್ಡ್, ಆಮಶಂಕೆ.

ಕೊಟ್ಟಿಗೆ ನೊಣ (ಸ್ಟೊಮಾಕ್ಸಿಸ್ ಕ್ಯಾಲ್ಸಿಟ್ರಾನ್ಸ್)
• ತಲೆಯ ಮುಂದಕ್ಕೆ ಚಾಚಿದ ಸೂಜಿಯಂತಹ ಸೊಂಡಿಲು, ರಕ್ತ ಹೀರುತ್ತದೆ.
• ಹೊಟ್ಟೆಯ ಮೇಲೆ ಕಪ್ಪು ಚುಕ್ಕೆ.
• ತಾಣ: ಸಗಣಿ-ಗಂಜಲ ಬೆರೆತು ಕೊಳೆತ ಹುಲ್ಲು.
• ದನ, ಎಮ್ಮೆಗಳ ಕಾಲಿಗೆ ಹೆಚ್ಚು ಕಚ್ಚುತ್ತದೆ, ಮನುಷ್ಯರನ್ನೂ ಬಿಡದು. ಜಾನುವಾರುಗಳ ಸರ್ರಾ ರೋಗವಾಹಕಗಳಲ್ಲಿ ಒಂದು.

ಗೊಂದಲ ಬೇಡ
• ಸೊಳ್ಳೆಯಲ್ಲಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ. ಕೊಟ್ಟಿಗೆ ನೊಣದಲ್ಲಿ ಗಂಡು, ಹೆಣ್ಣು ಎರಡೂ.
• ಮನೆನೊಣ ಯಾಂತ್ರಿಕ ವಾಹಕ (ರೋಗಾಣುವನ್ನು ಹೊತ್ತೊಯ್ಯುತ್ತದೆ ಅಷ್ಟೇ). ಅನಾಫಿಲಿಸ್ ಸೊಳ್ಳೆ ಜೈವಿಕ ವಾಹಕ (ರೋಗಾಣು ಅದರ ದೇಹದೊಳಗೆ ಬೆಳೆಯುತ್ತದೆ).
• ಕಾಲಾ ಅಜಾರ್: ಮರಳು ನೊಣ. ಆಫ್ರಿಕಾದ ನಿದ್ರಾರೋಗ: ತ್ಸೆತ್ಸೆ ನೊಣ.

ಸ್ಥಳೀಯ ಅಂಶ
• ಹುಬ್ಬಳ್ಳಿ-ಧಾರವಾಡದ ಗವಳಿಗರ ಕೊಟ್ಟಿಗೆಯಲ್ಲಿ ಎಮ್ಮೆ ಪದೇ ಪದೇ ಕಾಲು ಝಾಡಿಸಿದರೆ ಕೊಟ್ಟಿಗೆ ನೊಣದ ಕಾಟವಿರಬಹುದು. ಹಾಲಿನ ಇಳುವರಿಯೂ ತಗ್ಗುತ್ತದೆ.
• ಭೌಗೋಳಿಕ ಸೂಚಿಕೆ ಪಡೆದ ಧಾರವಾಡ ಪೇಡೆಗೆ ಹಾಲೇ ಆಧಾರ. ಕೊಟ್ಟಿಗೆ ನೊಣದ ತಾಣವಾದ ಸಗಣಿ, ಒದ್ದೆ ಹುಲ್ಲನ್ನು ದಿನವೂ ತೆಗೆಯುವುದೇ ಮೊದಲ ನಿಯಂತ್ರಣ ಕ್ರಮ.