ಅಗ್ಗಿಷ್ಟಿಕೆಗೆ ಇನ್ಸರ್ಟ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ



ಯುಗಾದಿ ಊಟದ ಪಂಕ್ತಿಯಲ್ಲಿ ಮೂರು ಜನ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ನಿಮ್ಮನೇಲಿ ಸೌದೆ ಒಲೆ ಹಾಕಿಸಿದ್ದೀರಂತೆ, ನಾವೂ ಹಾಕಿಸಬಹುದಾ?" ಉತ್ತರ ಶುರು ಮಾಡುವಷ್ಟರಲ್ಲಿ ಒಬ್ಬಟ್ಟು ಬಂತು, ಮಾತು ಅಲ್ಲಿಗೇ ನಿಂತಿತು. ಆ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ನಮ್ಮ ಮನೆಯ ಕಥೆ ಶುರುವಾದದ್ದು 2023ರ ಮಾರ್ಚ್ 14ರಂದು. ದಕ್ಷಿಣ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇರುವವರಿಗೆ ಆ ಹಿಮಮಾರುತ ನೆನಪಿರಬಹುದು. ಒದ್ದೆ ಹಿಮದ ಭಾರಕ್ಕೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ನಮ್ಮ ಮನೆಯಲ್ಲಿ ಎರಡು ದಿನ ಕರೆಂಟ್ ಇಲ್ಲ. ನೆಲಮಾಳಿಗೆಯಲ್ಲಿ ಟ್ಯಾಂಕ್ ತುಂಬಾ ಆಯಿಲ್ ಇತ್ತು, ಆದರೆ ಫರ್ನೇಸ್‌ನ ಬರ್ನರ್‌ಗೂ ಬ್ಲೋವರ್‌ಗೂ ಕರೆಂಟ್ ಬೇಕಲ್ಲ! ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿದ್ದರು. ಲಿವಿಂಗ್ ರೂಮಿನ ಇಟ್ಟಿಗೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹಾಕಿದೆ. ಮೊಣಕಾಲು ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ರಾತ್ರಿಯಿಡೀ ಸೌದೆ ಹಾಕಿದರೂ ಬೆಳಿಗ್ಗೆ ಮಗಳು ಮಲಗಿದ್ದ ಕೋಣೆಯಲ್ಲಿ 46 ಡಿಗ್ರಿ ಫ್ಯಾರನ್‌ಹೀಟ್.

ಅಮ್ಮ ಹೇಳಿದರು: "ಇಷ್ಟು ಸೌದೆ ಬಚ್ಚಲ ಒಲೆಗೆ ಹಾಕಿದ್ರೆ ಮನೆಮಂದಿಗೆಲ್ಲಾ ಎರಡು ಸಲ ಸ್ನಾನ ಆಗ್ತಿತ್ತು ಕಣೋ. ಇದು ಯಾರಿಗೆ ಕಾಯಿಸ್ತಿದೆ, ಆಕಾಶಕ್ಕಾ?"

ತೆರೆದ ಬೆಂಕಿ ಏಕೆ ಸಾಲದು?

ಅಮ್ಮ ಹೇಳಿದ್ದು ಅಕ್ಷರಶಃ ಸರಿ. ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಮನೆಗೆ ಸಿಗುತ್ತದೆ. ಉಳಿದದ್ದು ಚಿಮಣಿಯಲ್ಲಿ ಹೊರಟುಹೋಗುತ್ತದೆ, ಹೋಗುವಾಗ ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಗಾಳಿಯ ಜಾಗ ತುಂಬಲು ಕಿಟಕಿ ಬಾಗಿಲುಗಳ ಸಂದಿಯಿಂದ ಚಳಿಗಾಳಿ ನುಗ್ಗುತ್ತದೆ. ದೂರದ ಕೋಣೆಗಳು ಬೆಂಕಿ ಹಾಕಿದ ಮೇಲೆ ಇನ್ನಷ್ಟು ತಣ್ಣಗಾಗುವುದು ಇದೇ ಕಾರಣಕ್ಕೆ.

ಇನ್ಸರ್ಟ್ ಎಂದರೆ ಅದೇ ಇಟ್ಟಿಗೆ ಗೂಡಿನೊಳಗೆ ಕೂರಿಸುವ ಕಬ್ಬಿಣದ ಅಥವಾ ಉಕ್ಕಿನ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಒಳಗೆ ಬರುವ ಗಾಳಿಗೆ ಒಂದು ನಿಯಂತ್ರಣ, ಮೇಲೆ ಹೊಗೆಗೆ ಪ್ರತ್ಯೇಕ ಉಕ್ಕಿನ ಕೊಳವೆ. ಬೆಂಕಿಗೆ ಬೇಕಾದಷ್ಟೇ ಗಾಳಿ ಕೊಟ್ಟು, ಹೊಗೆಯನ್ನೂ ಉರಿಸಿ, ಶಾಖವನ್ನು ಕೋಣೆಗೆ ತಿರುಗಿಸುವುದು ಇದರ ಕೆಲಸ. ಒಳ್ಳೆಯ ಇನ್ಸರ್ಟ್‌ಗಳ ದಕ್ಷತೆ ಶೇಕಡಾ 70ರ ಆಸುಪಾಸು.

ಈ ವಿದ್ಯೆ ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಕೆಲವರು ಊರಿನಲ್ಲಿ ನೋಡಿರಬಹುದು. ಕಡಿಮೆ ಸೌದೆ, ಅಡಿಗೆಮನೆಯಲ್ಲಿ ಹೊಗೆಯಿಲ್ಲ. ಅಲ್ಲಿಯೂ ಗುಟ್ಟು ಗಾಳಿಯನ್ನು ಹದದಲ್ಲಿಡುವುದೇ!

ಮೊದಲು ಚಿಮಣಿ, ಆಮೇಲೆ ಅಂಗಡಿ

ಬಹಳ ಜನ ಮೊದಲು ಷೋರೂಮಿಗೆ ಹೋಗುತ್ತಾರೆ. ದಯವಿಟ್ಟು ಮೊದಲು ಚಿಮಣಿ ಪರೀಕ್ಷಿಸುವವರನ್ನು ಕರೆಸಿ. ಕೇಳಬೇಕಾದ ಪ್ರಶ್ನೆಗಳು ಮೂರು.

ಒಂದು, ನಿಮ್ಮದು ನಿಜವಾದ ಇಟ್ಟಿಗೆ ಅಗ್ಗಿಷ್ಟಿಕೆಯೋ, ಅಥವಾ ಕಾರ್ಖಾನೆಯಿಂದ ಬಂದ ತಗಡಿನ ಪೆಟ್ಟಿಗೆಗೆ ಮುಂದೆ ಕಲ್ಲು ಅಂಟಿಸಿದ್ದೋ? ಎರಡನೆಯದಾದರೆ ಕಂಡ ಕಂಡ ಇನ್ಸರ್ಟ್ ಕೂರಿಸುವಂತಿಲ್ಲ. ತಗಡಿನ ಹಿಂದೆಯೇ ಮರದ ಚೌಕಟ್ಟು ಇರುತ್ತದೆ, ಮನೆಗೇ ಬೆಂಕಿ ಬೀಳಬಹುದು.

ಎರಡು, ಚಿಮಣಿಯ ಎತ್ತರ ಸಾಕೇ? ಹೆಚ್ಚಿನ ತಯಾರಕರು ಕನಿಷ್ಠ 15 ಅಡಿ ಕೇಳುತ್ತಾರೆ. ತುದಿಯು ಛಾವಣಿಯಿಂದ 3 ಅಡಿ ಮೇಲಿರಬೇಕು ಮತ್ತು ಸುತ್ತ 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಬೇಕು.

ಮೂರು, ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಬುಡದಿಂದ ತುದಿಯವರೆಗೆ ಬರುತ್ತದೆಯೇ? ಕೆಲವರು ಖರ್ಚು ಉಳಿಸಲು ಮೊದಲ ಕೆಲವು ಅಡಿ ಮಾತ್ರ ಹಾಕುತ್ತಾರೆ. ಹಾಗಾದರೆ ಹೊಗೆ ವಿಶಾಲವಾದ, ತಣ್ಣಗಿನ ಇಟ್ಟಿಗೆ ಗೂಡಿಗೆ ಹೋಗಿ ನಿಧಾನವಾಗುತ್ತದೆ. ಅಲ್ಲಿ ಕ್ರಿಯೋಸೋಟ್ ಕಟ್ಟುತ್ತದೆ. ನಮ್ಮ ಅಡಿಗೆಮನೆ ಅಟ್ಟದ ಇಲ್ಲಣ ಗೊತ್ತಲ್ಲ, ಅದರ ಅಪಾಯಕಾರಿ ಅಣ್ಣ ಇದು. ಡಾಂಬರಿನಂತೆ ಅಂಟಿಕೊಂಡು, ಒಂದು ದಿನ ಹತ್ತಿ ಉರಿಯುತ್ತದೆ. ಚಿಮಣಿ ಮನೆಯ ಹೊರಗೋಡೆಯಲ್ಲಿದ್ದರೆ ಲೈನರ್‌ಗೆ ಇನ್ಸುಲೇಶನ್ ಕೂಡ ಹಾಕಿಸಿ.

ಎಷ್ಟು ದೊಡ್ಡದು ಬೇಕು?

ಕೈಹೊತ್ತಗೆಯಲ್ಲಿ "65,000 ಬಿ.ಟಿ.ಯು." ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಬೆಂಕಿ ಭರ್ತಿ ಉರಿಯುವಾಗಿನ ಅಂಕಿ. ರಾತ್ರಿ ನೀವು ಮಲಗಿದಾಗಿನದಲ್ಲ. ಆದ್ದರಿಂದ ನಾವೇ ಲೆಕ್ಕ ಹಾಕೋಣ.

ಮೊದಲು ಮನೆಯ ಅಗತ್ಯ. ನಮ್ಮ ಮನೆಗೆ ಜನವರಿಯಲ್ಲಿ ಸುಮಾರು 130 ಗ್ಯಾಲನ್ ಆಯಿಲ್ ಖರ್ಚಾಗುತ್ತಿತ್ತು. ಒಂದು ಗ್ಯಾಲನ್‌ನಲ್ಲಿ 1,38,500 ಬಿ.ಟಿ.ಯು., ಫರ್ನೇಸ್ ದಕ್ಷತೆ ಶೇಕಡಾ 85. ತಿಂಗಳಿಗೆ 744 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 20,500 ಬಿ.ಟಿ.ಯು. ನಿಮ್ಮ ಬಿಲ್ ಹಿಡಿದು ಇದೇ ಲೆಕ್ಕ ಮಾಡಬಹುದು. ಗ್ಯಾಸ್ ಆದರೆ ಒಂದು ಥರ್ಮ್‌ಗೆ 1,00,000.

ಈಗ ಒಲೆ. ಒಳಗಿನ ಜಾಗ 2 ಘನ ಅಡಿ ಇದ್ದರೆ ಸುಮಾರು 20 ಪೌಂಡ್ ಸೌದೆ ಹಿಡಿಯುತ್ತದೆ. ಒಣಗಿದ ಸೌದೆಯಲ್ಲಿ ಪೌಂಡಿಗೆ ಸುಮಾರು 6,800 ಬಿ.ಟಿ.ಯು., ದಕ್ಷತೆ ಶೇಕಡಾ 72 ಎಂದರೆ ಒಂದು ಭರ್ತಿಗೆ ಸುಮಾರು 98,000. ಅದು 7 ಗಂಟೆ ಉರಿದರೆ ಗಂಟೆಗೆ ಸರಾಸರಿ 14,000 ಮಾತ್ರ. ಎಲ್ಲಿಯ 65,000, ಎಲ್ಲಿಯ 14,000!

ದಿನಕ್ಕೆ ಮೂರು ಸಲ ತುಂಬಿಸಿದರೆ ನಮ್ಮ ಮನೆಯ ಅಗತ್ಯದ ಶೇಕಡಾ 60ರಷ್ಟು ಸಿಗುತ್ತದೆ. ನಮಗೆ ಅಷ್ಟು ಸಾಕು, ಉಳಿದದ್ದಕ್ಕೆ ಫರ್ನೇಸ್ ಇದೆ. ಮನೆಯನ್ನೆಲ್ಲಾ ಇದರಿಂದಲೇ ಕಾಯಿಸಬೇಕು ಎನ್ನುವವರು 3 ಘನ ಅಡಿಯದನ್ನು ನೋಡಬೇಕು. ಆದರೆ ಸಣ್ಣ ಕೋಣೆಗೆ ದೊಡ್ಡ ಒಲೆ ತಂದರೆ ಸೆಕೆ ತಾಳಲಾರದೆ ಗಾಳಿ ಮುಚ್ಚುತ್ತೀರಿ, ಬೆಂಕಿ ಹೊಗೆಯಾಡುತ್ತದೆ, ಕ್ರಿಯೋಸೋಟ್ ಕಟ್ಟುತ್ತದೆ.

ಹಣದ ಲೆಕ್ಕವೂ ಸುಲಭ. ಇಲ್ಲಿ ಸೌದೆ ಮಾರುವುದು 'ಕಾರ್ಡ್' ಲೆಕ್ಕದಲ್ಲಿ: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, ಒಟ್ಟು 128 ಘನ ಅಡಿ. ಒಂದು ಕಾರ್ಡ್ ಒಣ ಓಕ್ ಸುಮಾರು 145 ಗ್ಯಾಲನ್ ಆಯಿಲ್‌ಗೆ ಸಮ. ನಿಮ್ಮ ಊರಿನ ಎರಡೂ ಬೆಲೆ ಹಾಕಿ ನೋಡಿ. ಇನ್ನೊಂದು ಮಾತು: 2023ರಿಂದ ಇಂಥ ಒಲೆಗಳಿಗೆ ಸಿಗುತ್ತಿದ್ದ ಶೇಕಡಾ 30ರ ಕೇಂದ್ರ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿದಿದೆ. ಹಳೆಯ ಕರಪತ್ರ ನಂಬಿ ಬಜೆಟ್ ಹಾಕಬೇಡಿ.

ಕ್ಯಾಟಲಿಸ್ಟ್ ಬೇಕೋ ಬೇಡವೋ?

ಹೊಗೆ ತಾನಾಗಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಸಾದಾ ಇನ್ಸರ್ಟ್‌ನಲ್ಲಿ ಮೇಲ್ಭಾಗದ ಕೊಳವೆಗಳಿಂದ ಬಿಸಿಗಾಳಿ ಬಿಟ್ಟು ಇದನ್ನು ಸಾಧಿಸುತ್ತಾರೆ. ಕ್ಯಾಟಲಿಸ್ಟ್ ಇದ್ದರೆ ಪ್ಲಾಟಿನಂ, ಪಲ್ಲೇಡಿಯಂ ಲೇಪದ ಜೇನುಗೂಡಿನಂಥ ಭಾಗದಲ್ಲಿ ಅದರ ಅರ್ಧ ಉಷ್ಣತೆಗೇ ಹೊಗೆ ಉರಿಯುತ್ತದೆ. ಹಾಗಾಗಿ ಸಣ್ಣ ಉರಿಯಲ್ಲಿ ರಾತ್ರಿಯಿಡೀ ನಡೆಯುತ್ತದೆ. ಆದರೆ ಆ ಭಾಗವನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಪೇಂಟ್ ಬಳಿದ ಮರ, ಬಣ್ಣದ ಕಾಗದ ಹಾಕಿದರೆ ಬೇಗ ಕೆಡುತ್ತದೆ. ದಿನವೂ ಉರಿಸುವವರಿಗೆ ಕ್ಯಾಟಲಿಸ್ಟ್, ವಾರಾಂತ್ಯಕ್ಕೂ ಕರೆಂಟ್ ಹೋದಾಗಲೂ ಉರಿಸುವವರಿಗೆ ಸಾದಾ. ಇದು ನನ್ನ ಅಭಿಪ್ರಾಯ, ನಾವು ತಂದದ್ದೂ ಸಾದಾ.

ಯಾವುದೇ ತಂದರೂ ಇ.ಪಿ.ಎ. 2020ರ ಮಾನದಂಡದ ಚೀಟಿ ನೋಡಿ. ಗಂಟೆಗೆ 2 ಗ್ರಾಂ, ನಿಜವಾದ ಸೌದೆಯಿಂದ ಪರೀಕ್ಷಿಸಿದ್ದಾದರೆ 2.5 ಗ್ರಾಂಗಿಂತ ಹೆಚ್ಚು ಹೊಗೆಕಣ ಬರಕೂಡದು. ಬ್ಲೋವರ್ ಬಗ್ಗೆಯೂ ಕೇಳಿ. ಕರೆಂಟ್ ಇಲ್ಲದಾಗ ಫ್ಯಾನ್ ನಿಂತರೂ ಗೂಡಿನಿಂದ ಸ್ವಲ್ಪ ಮುಂದಕ್ಕೆ ಚಾಚಿರುವ ಇನ್ಸರ್ಟ್ ಚೆನ್ನಾಗಿ ಕಾಯಿಸುತ್ತದೆ. ಗೋಡೆಗೆ ಸಮನಾಗಿ ಕೂರುವುದು ನೋಡಲು ಚೆಂದ, ಕತ್ತಲ ರಾತ್ರಿಗೆ ಸಾಲದು.

ನಾನು ಮಾಡಿದ ತಪ್ಪು

ಇಷ್ಟೆಲ್ಲಾ ಲೆಕ್ಕ ಹಾಕಿದ ಇಂಜಿನಿಯರ್ ಮಹಾಶಯ ಸೌದೆಯಲ್ಲಿ ಎಡವಿದ! "ಒಣಗಿದ್ದು" ಎಂದು ಮಾರಿದವರ ಮಾತು ನಂಬಿ ಎರಡು ಕಾರ್ಡ್ ಇಳಿಸಿಕೊಂಡೆ. ಗಾಜು ದಿನಕ್ಕೊಮ್ಮೆ ಕಪ್ಪಾಗುತ್ತಿತ್ತು, ಬೆಂಕಿ ಏಳುತ್ತಿರಲಿಲ್ಲ. ಒಲೆಯೇ ಸರಿಯಿಲ್ಲ ಎಂದು ಅಂಗಡಿಯವರೊಡನೆ ಜಗಳ ಬೇರೆ. ಫೋನಿನಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ಸೌದೆ ಹಸಿ ಇದೆಯೇನೋ?" ಮೂವತ್ತು ಡಾಲರಿನ ತೇವಾಂಶ ಮೀಟರ್ ತಂದು, ಒಂದು ತುಂಡು ಸೀಳಿ ಒಳಮೈಗೆ ಚುಚ್ಚಿದರೆ 34! ಇರಬೇಕಾದದ್ದು 20ಕ್ಕಿಂತ ಕಡಿಮೆ. ಜನವರಿಯಲ್ಲಿ ಚಿಮಣಿ ಗುಡಿಸಲು ಬಂದಾತ ಲೈನರ್‌ನಿಂದ ತೆಗೆದ ಕಪ್ಪು ಚಕ್ಕೆಗಳನ್ನು ಬಕೆಟ್ಟಿನಲ್ಲಿ ತೋರಿಸಿದಾಗ ಕೈಕಾಲು ತಣ್ಣಗಾದವು. ಮೇಲಿನ ಮಹಡಿಯಲ್ಲಿ, ಅದೇ ಚಿಮಣಿಯ ಪಕ್ಕದ ಕೋಣೆಯಲ್ಲಿ ಮಗಳು ಮಲಗುತ್ತಾಳೆ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ನೀರೇ. ಅಂಥ 20 ಪೌಂಡ್ ಸೌದೆ ಹಾಕಿದರೆ ಜೊತೆಗೆ ಮೂರು ಲೀಟರ್ ನೀರನ್ನೂ ಒಲೆಗೆ ಸುರಿದಂತೆ. ಮಳೆಗಾಲಕ್ಕೆ ಮೊದಲೇ ಸೌದೆ ಕೊಟ್ಟಿಗೆ ತುಂಬುವ ಮಲೆನಾಡಿನಲ್ಲಿ ಬೆಳೆದವನಿಗೆ ಇದನ್ನು ಮೀಟರ್ ಹೇಳಬೇಕಾಯಿತು! ಓಕ್ ಒಣಗಲು ಎರಡು ವರ್ಷ ಹಿಡಿಯಬಹುದು. ಮುಂದಿನ ಚಳಿಗಾಲದ ಸೌದೆಯನ್ನು ಈ ವಸಂತದಲ್ಲೇ ತಂದು, ಸೀಳಿ, ಮೇಲೆ ಮಾತ್ರ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಡಿ.

ಕೊನೆಯದಾಗಿ ಕೆಲವು ಕಟ್ಟುನಿಟ್ಟು

- ಟೌನ್‌ನಿಂದ ಪರ್ಮಿಟ್ ತೆಗೆದುಕೊಳ್ಳಿ, ಮನೆಯ ಇನ್ಶೂರೆನ್ಸ್‌ನವರಿಗೆ ತಿಳಿಸಿ.
- ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷೆ ತಪ್ಪಿಸಬೇಡಿ.
- ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಪ್ರತಿ ಮಹಡಿಯಲ್ಲೂ ಇರಲಿ, ಬ್ಯಾಟರಿ ಸಮೇತ.
- ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವಂತವಾಗಿರುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ ಮನೆಯಿಂದ ದೂರ ಇಡಿ.
- ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಈ ಯೋಚನೆ ಬಿಟ್ಟುಬಿಡುವುದೇ ಲೇಸು. ಎಷ್ಟೇ ಒಳ್ಳೆಯ ಒಲೆಯಾದರೂ ಬಾಗಿಲು ತೆಗೆದಾಗ ಸ್ವಲ್ಪ ಹೊಗೆ ಬರುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ಒಲೆಗೆ ಒಣ ಓಕ್ ತುಂಬಿ ಮಲಗಿದೆವು. ಬೆಳಿಗ್ಗೆ ಮಗಳ ಕೋಣೆಯಲ್ಲಿ 61 ಡಿಗ್ರಿ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಈಗ ಮನೆಗೆ ಕಾಯಿಸ್ತಿದೆ ಅನ್ನು. ಹಂಡೆ ಇಡೋಕೆ ಜಾಗ ಇದೆಯಾ?" ಎಂದರು.

ಇಲ್ಲ ಎಂದು ಹೇಳಬೇಕಾಯಿತು. ಅದೊಂದೇ ಕೊರತೆ!