ಬೇಸಿಗೆಯ ಕೊನೆಯ ಕೈತೋಟ ಮತ್ತು ಕಹಿ ಸೋರೆಕಾಯಿ

ಕೃತ್ತಿಕೆ ಕಳೆದು ರೋಹಿಣಿ ಮಳೆಯ ದಿನಗಳು ಬಂದಿವೆ. ಬಂಗಾರಪೇಟೆ, ಬೇತಮಂಗಲ, ಕೋಲಾರ ಚಿನ್ನದ ಗಣಿಯ ಸುತ್ತಿನ ಮನೆಗಳ ಹಿತ್ತಿಲಲ್ಲಿ ಶಿವರಾತ್ರಿಯ ವೇಳೆಗೆ ಊರಿದ ಸೋರೆ, ಹೀರೆ, ಪಡವಲದ ಬಳ್ಳಿಗಳು ಈಗ ಬುಡದಿಂದ ಹಳದಿಗಟ್ಟಿ, ತುದಿಯಲ್ಲಿ ಮಾತ್ರ ನಾಲ್ಕಾರು ಕಾಯಿ ಹಿಡಿದುಕೊಂಡು ನಿಂತಿವೆ. ನೀರಿನ ಅಭಾವದಲ್ಲಿಯೂ ಸ್ನಾನದ ನೀರು, ಅಕ್ಕಿ ತೊಳೆದ ನೀರು ಹಾಕಿ ತಾಯಂದಿರು ಉಳಿಸಿಕೊಂಡ ಬಳ್ಳಿಗಳಿವು. ಮಳೆ ನಿಲ್ಲುವ ಮೊದಲೇ ಇವನ್ನು ಕಿತ್ತು ಪಾತಿಯನ್ನು ಹಸನು ಮಾಡಿಕೊಳ್ಳಬೇಕು. ಕೈತೋಟದ ಈ ಕೊನೆಯ ಕೆಲಸವನ್ನು ಬೇಸಾಯದ ವಿಷಯವೆಂದು ಭಾವಿಸಿ ವೈದ್ಯರು ಸುಮ್ಮನಿರುವುದುಂಟು. ಆದರೆ ಈ ಹದಿನೈದು ದಿನಗಳಲ್ಲಿ ಹಿತ್ತಿಲಿನಿಂದ ಅಡುಗೆಮನೆಗೆ ಬರುವ ಕೆಲವು ಕಾಯಿಗಳು ಪ್ರಾಣಕ್ಕೇ ಅಪಾಯ ತರಬಲ್ಲವಾದುದರಿಂದ ಸದ್ಭಕ್ತರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಸೋರೆಕಾಯಿಯನ್ನು ನಮ್ಮ ಸೀಮೆಯಲ್ಲಿ ತೆಲುಗು ಮಾತಾಡುವವರು ಸೊರಕಾಯ ಎನ್ನುತ್ತಾರೆ, ತಮಿಳು ಮಾತಾಡುವವರು ಸುರೈಕ್ಕಾಯ್ ಎನ್ನುತ್ತಾರೆ. ಹೆಸರು ಯಾವುದಾದರೂ ಎಲ್ಲ ಮನೆಗಳಲ್ಲಿಯೂ ಇದು ತಂಪಿನ ತರಕಾರಿ, ರೋಗಿಗೂ ಬಾಣಂತಿಗೂ ನಿರಪಾಯವಾದುದು ಎಂಬ ಒಳ್ಳೆಯ ಹೆಸರು ಪಡೆದಿದೆ. ಸಿಹಿ ಸೋರೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸೋರೆ, ಹೀರೆ, ಸೌತೆಗಳ ಕುಲದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ದ್ರವ್ಯಗಳ ಗುಂಪೊಂದಿದೆ. ಕೀಟಗಳೂ ಪ್ರಾಣಿಗಳೂ ತಿನ್ನದಂತೆ ಗಿಡ ತನಗಾಗಿ ಮಾಡಿಕೊಂಡ ರಕ್ಷಣೆಯಿದು. ಮನುಷ್ಯನು ತಲೆಮಾರುಗಳಿಂದ ಕಹಿಯಿಲ್ಲದ ಕಾಯಿಯ ಬೀಜವನ್ನೇ ಆರಿಸಿಟ್ಟುಕೊಂಡು ಬಂದುದರಿಂದ ನಾವು ಉಣ್ಣುವ ಸೋರೆಯಲ್ಲಿ ಆ ದ್ರವ್ಯ ಅತ್ಯಲ್ಪ. ಬಿಸಿಲು ಹೆಚ್ಚಿ, ನೀರು ತಪ್ಪಿ, ಬಳ್ಳಿ ಮುದಿಯಾಗಿ ಸಂಕಟಪಡುವಾಗ ಆ ಕಹಿ ಮತ್ತೆ ತಲೆಯೆತ್ತಬಹುದು. ಚೈತ್ರದಲ್ಲಿ ಸಿಹಿಯಾಗಿದ್ದ ಬಳ್ಳಿಯೇ ಜ್ಯೇಷ್ಠದಲ್ಲಿ ಕಹಿ ಕಾಯಿ ಕೊಡಬಹುದು. ಹೊರಗಿನ ಬಣ್ಣ, ಆಕಾರಗಳಿಂದ ಅದನ್ನು ಗುರುತಿಸಲಾಗದು. ಬೇಯಿಸಿದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ.

ಕಹಿಯಾದುದೆಲ್ಲ ಔಷಧಿ ಎಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಅದಕ್ಕೆ ಆಯುರ್ವೇದವನ್ನೇ ಆಧಾರವಾಗಿ ಹೇಳುವವರಿದ್ದಾರೆ. ಬೇವು, ಅಮೃತಬಳ್ಳಿ, ಹಾಗಲಗಳ ತಿಕ್ತ ರಸವನ್ನು ಶಾಸ್ತ್ರವು ಹೊಗಳಿದೆ, ನಿಜ. ಹಾಗಲಕಾಯಿಯ ಕಹಿ ಅದರ ಸ್ವಭಾವ. ಮಿತವಾಗಿ ತಿಂದರೆ ಹಿತ. ಸೋರೆಯ ಕಹಿ ಹಾಗಲ್ಲ. ಚರಕಸಂಹಿತೆಯ ಕಲ್ಪಸ್ಥಾನವನ್ನು ತೆರೆದು ನೋಡಿದರೆ ಮೊದಲ ಆರು ಅಧ್ಯಾಯಗಳು ವಾಂತಿ ಮಾಡಿಸುವ ದ್ರವ್ಯಗಳಿಗೇ ಮೀಸಲಾಗಿವೆ. ಅವುಗಳಲ್ಲಿ ಮೂರನೆಯದು ಇಕ್ಷ್ವಾಕು, ಎಂದರೆ ಕಹಿ ಸೋರೆ. ಜೀಮೂತಕ, ಧಾಮಾರ್ಗವ, ಕೃತವೇಧನಗಳು ಹೀರೆಯ ಬಳಗಕ್ಕೆ ಸೇರಿದವು. ಆರರಲ್ಲಿ ನಾಲ್ಕು ಈ ಒಂದೇ ಕುಲದ ಬಳ್ಳಿಗಳು! ನಮ್ಮ ಪೂರ್ವಾಚಾರ್ಯರು ಸಿಹಿ ಸೋರೆಯನ್ನು ಶಾಕವೆಂದೂ ಕಹಿ ಸೋರೆಯನ್ನು ತೀಕ್ಷ್ಣವಾದ ವಮನದ್ರವ್ಯವೆಂದೂ ಸ್ಪಷ್ಟವಾಗಿ ಬೇರ್ಪಡಿಸಿದ್ದರು. ಆ ವಮನವನ್ನಾದರೂ ಸ್ನೇಹನ, ಸ್ವೇದನಗಳಿಂದ ಶರೀರವನ್ನು ಅಣಿಗೊಳಿಸಿ, ಬಲಾಬಲ ನೋಡಿ, ಮುಖ್ಯವಾಗಿ ವಸಂತ ಋತುವಿನಲ್ಲಿ, ವೈದ್ಯನ ಎದುರಿನಲ್ಲಿ ಮಾಡಿಸುವ ವಿಧಿಯಿದೆ. ಬೇಸಿಗೆಯಿಂದ ಬಳಲಿದ ದೇಹಕ್ಕೆ, ಬರಿಹೊಟ್ಟೆಯಲ್ಲಿ, ಒಂದು ಲೋಟ ಕಹಿ ರಸವನ್ನು ತಾನೇ ಕುಡಿಸಿಕೊಳ್ಳುವುದಕ್ಕೆ ಯಾವ ಸಂಹಿತೆಯಲ್ಲಿಯೂ ಸಮ್ಮತಿಯಿಲ್ಲ.

ಈಚಿನ ವರ್ಷಗಳಲ್ಲಿ ಬೆಳಗಿನ ವಾಯುವಿಹಾರ ಮುಗಿಸಿ ಸೋರೆಕಾಯಿಯ ಹಸಿ ರಸ ಕುಡಿಯುವ ಅಭ್ಯಾಸ ಹಬ್ಬಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಎಲ್ಲಕ್ಕೂ ಇದೇ ಮದ್ದೆಂದು ಒಬ್ಬರಿಂದೊಬ್ಬರಿಗೆ ಸಲಹೆ ಹರಿಯುತ್ತದೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾದ ಇಂಥ ರಸ ಕುಡಿದು ತೀರಿಕೊಂಡಾಗ ಈ ವಿಷಯ ದೇಶದ ಗಮನಕ್ಕೆ ಬಂದಿತು. ಅವರು ಹಾಗಲ ಮತ್ತು ಸೋರೆಯ ರಸಗಳನ್ನು ಕೂಡಿಸಿ ಕುಡಿದಿದ್ದರು. ಹಾಗಲ ಕಹಿಯೇ ಆದುದರಿಂದ ಸೋರೆಯ ಕಹಿ ಅದರಲ್ಲಿ ಅಡಗಿಹೋಗುತ್ತದೆ. ನಾಲಿಗೆ ಎಚ್ಚರಿಸುವ ದಾರಿಯೇ ಮುಚ್ಚಿಹೋಗುತ್ತದೆ. ತರುವಾಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಇಂಥ ಪ್ರಕರಣಗಳನ್ನು ಪರಿಶೀಲಿಸಿ ಕೆಲವು ಸೂಚನೆಗಳನ್ನು ನೀಡಿತು. ರಸ ಮಾಡುವ ಮೊದಲು ಸಣ್ಣ ಚೂರೊಂದನ್ನು ರುಚಿ ನೋಡಬೇಕು, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಬೇಕು, ಈ ರಸವನ್ನು ಬೇರೆ ಯಾವ ರಸದೊಂದಿಗೂ ಬೆರೆಸಬಾರದು, ಕುಡಿದ ಬಳಿಕ ಅಸ್ವಸ್ಥತೆ ತೋರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುವು ಅದರ ಸಾರ. ಹಸಿ ರಸವನ್ನು ಕುಡಿಯಲೇಬೇಡಿ ಎಂಬುದು ನಮ್ಮ ಸಲಹೆ. ಪಲ್ಯ, ಸಾರು, ಕೂಟುಗಳಲ್ಲಿ ಬೆಂದ ಸಿಹಿ ಸೋರೆ ಕೊಡದ ಯಾವ ವಿಶೇಷ ಗುಣವನ್ನೂ ಹಸಿ ರಸದಲ್ಲಿ ನಾವು ಕಂಡಿಲ್ಲ.

ವಿಷದ ಲಕ್ಷಣಗಳು ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ಹೊಟ್ಟೆಯಲ್ಲಿ ತೀವ್ರ ನೋವು, ಬಿಡದ ವಾಂತಿ, ಭೇದಿ, ಕೆಲವೊಮ್ಮೆ ರಕ್ತವಾಂತಿ, ಬಳಿಕ ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾಗುವುದು. ಈ ವಿಷಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ನರದ ಮೂಲಕ ದ್ರವ ಕೊಟ್ಟು ದೇಹವನ್ನು ಕಾಪಾಡಿಕೊಳ್ಳುವುದೊಂದೇ ಉಪಾಯ. ಆದುದರಿಂದ ಮಜ್ಜಿಗೆ, ನಿಂಬೆ ರಸ, ಜೀರಿಗೆ ಕಷಾಯ ಎಂದು ಮನೆಯಲ್ಲಿ ಹೊತ್ತು ಕಳೆಯಬಾರದು. 108ಕ್ಕೆ ಕರೆ ಮಾಡಿ ಹತ್ತಿರದ ಸರಕಾರಿ ಆಸ್ಪತ್ರೆಗೋ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ ಹೊರಡಬೇಕು. ತಿಂದುದೇನು, ಕುಡಿದುದೇನು ಎಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ.

ಇನ್ನು ಕೊಯ್ಲಿನ ಮಾತು. ಬಳ್ಳಿ ಕೀಳುವ ದಿನ ಸಿಕ್ಕಿದ ಕಾಯಿಗಳನ್ನೆಲ್ಲ ಒಂದು ಬುಟ್ಟಿಗೆ ತುಂಬಿ, ಮನೆಗೆ ಹೆಚ್ಚಾದುದನ್ನು ನೆರೆಯವರಿಗೂ ಶ್ರೀಮಠದ ದಾಸೋಹಕ್ಕೂ ಕೊಡುವುದು ಒಳ್ಳೆಯ ರೂಢಿ. ಈ ದಿನಗಳಲ್ಲಿ ಮಾತ್ರ ಪ್ರತಿಯೊಂದು ಸೋರೆ, ಹೀರೆ, ಸೌತೆಯ ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ, ಕಹಿಯೆನಿಸಿದರೆ ಉಗುಳಿ ಬಾಯಿ ಮುಕ್ಕಳಿಸಬೇಕು. ಒಂದು ಕಾಯಿ ಕಹಿಯಾದರೆ ಆ ಬಳ್ಳಿಯ ಉಳಿದ ಕಾಯಿಗಳನ್ನೂ ಬಿಟ್ಟುಬಿಡುವುದು ಲೇಸು. ದಾಸೋಹದ ಕೊಳಗದಲ್ಲಿ ನೂರಾರು ಜನರ ಸಾರು ಬೇಯುತ್ತದೆ. ಹೆಚ್ಚುವವರ ಕೈಗೆ ಬರುವ ವೇಳೆಗೆ ಯಾರ ಬಳ್ಳಿಯ ಕಾಯಿ ಯಾವುದೆಂದು ತಿಳಿಯುವಂತಿರುವುದಿಲ್ಲ. ಆದ್ದರಿಂದ ಕೊಡುವವರೇ ನೋಡಿ ಕೊಡಬೇಕೆಂದು ಕೋರುತ್ತೇವೆ. ಕಹಿ ಕಾಯಿಯನ್ನು ದನಗಳಿಗೂ ಹಾಕಬಾರದು. ಗೊಬ್ಬರದ ಗುಂಡಿಯಲ್ಲಿ ಆಳಕ್ಕೆ ಹೂಳಬೇಕು. ಮೇಲೆ ಎಸೆದರೆ ಬೀಜ ಮೊಳೆತು ಮುಂದಿನ ವರ್ಷ ತಿಪ್ಪೆಯ ಮೇಲೆ ತಾನಾಗಿ ಹಬ್ಬಿದ ಬಳ್ಳಿಯೊಂದು ಎದುರಾಗುತ್ತದೆ. ಹೀಗೆ ತಾನಾಗಿ ಹುಟ್ಟಿದ ಸೋರೆಯನ್ನು ಪುಕ್ಕಟೆಯಾಗಿ ಬಂತೆಂದು ತಿನ್ನುವುದು ಎಲ್ಲಕ್ಕಿಂತ ಅಪಾಯ.

ಬೀಜದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಹತ್ತಿರದಲ್ಲಿ ಕಹಿ ಸೋರೆಯಿದ್ದು ದುಂಬಿಗಳು ಅದರ ಪರಾಗವನ್ನು ತಂದಿದ್ದರೆ ಈ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ. ಅದರ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ ಕಹಿ ಕಾಣಿಸಿಕೊಳ್ಳುತ್ತದೆ. ಸುತ್ತಮುತ್ತ ಕಹಿ ಬಳ್ಳಿ ಇತ್ತೆಂದು ಅನುಮಾನವಿದ್ದರೆ ಮನೆಯ ಬೀಜವನ್ನು ಬಿಟ್ಟು ಹೊಸದನ್ನು ತರುವುದು ಮೇಲು. ಅನುಮಾನವಿಲ್ಲದಿದ್ದರೆ ಆರೋಗ್ಯವಂತ ಬಳ್ಳಿಯ ನಡುಗಾಲದ ಕಾಯಿಯೊಂದನ್ನು ಬಲಿಯಲು ಬಿಟ್ಟು, ಬುರುಡೆಯೊಳಗೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ, ಒಲೆಯ ಬೂದಿ ಬೆರೆಸಿ ಇಡಬಹುದು. ಕೊನೆಗೆ ಉಳಿದ ಬಡಕಲು ಕಾಯಿಯನ್ನು ಬೀಜಕ್ಕೆ ಬಿಡುವುದು ಬೇಡ.

ಉಳಿದ ಗಿಡಗಳ ಮಾತು ಸರಳ. ಎಲೆ ಮುರುಟಿದ ಟೊಮೇಟೊ ಗಿಡವನ್ನು ಬೇರು ಸಹಿತ ಕಿತ್ತು ಸುಡಬೇಕು. ಬದನೆ, ಮೆಣಸಿನ ಗಿಡ ಗಟ್ಟಿಯಾಗಿದ್ದರೆ ಅರ್ಧಕ್ಕೆ ಕತ್ತರಿಸಿ ಬುಡಕ್ಕೆ ಗೊಬ್ಬರ ಕೊಟ್ಟರೆ ಮಳೆಗೆ ಮತ್ತೆ ಚಿಗುರುತ್ತವೆ. ಹುರುಳಿಕಾಯಿ, ಅಲಸಂದೆ, ಗೋರಿಕಾಯಿ ಗಿಡಗಳ ಬೇರಿನ ಗಂಟುಗಳಲ್ಲಿ ಸಾರಜನಕವಿರುವುದರಿಂದ ಅವನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ಯಬೇಕು. ಕೊನೆಯ ಗೋರಿಕಾಯಿ, ಮೆಣಸಿನಕಾಯಿಗಳನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಬಾಳಕ ಮಾಡಿಕೊಳ್ಳಲು ಉಳಿದಿರುವ ಬಿಸಿಲು ಇಷ್ಟೇ.

ಗಣಿ ಪ್ರದೇಶದ ಭಕ್ತರಿಗೆ ಒಂದು ಮಾತನ್ನು ಬೇರೆಯಾಗಿ ಹೇಳಬೇಕಾಗಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳು ಮಾತ್ರ ಹಾಗೆಯೇ ನಿಂತಿವೆ. ಸೈನೈಡಿನ ಅಂಶ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಕ್ಷೀಣಿಸಿದರೂ ಪುಡಿಯಾದ ಬಂಡೆಯ ನುಣುಪು ಧೂಳು, ಅದರಲ್ಲಿರುವ ಲೋಹಾಂಶಗಳು ಹೋಗುವುದಿಲ್ಲ. ಮುಂಗಾರಿನ ಗಾಳಿ ಎದ್ದಾಗ ಆ ಧೂಳು ಲೈನು ಮನೆಗಳ ಮೇಲೆ ಬಂದು ಕೂರುತ್ತದೆ. ಆದುದರಿಂದ ಈ ಋತುವಿನಲ್ಲಿ ಹಿತ್ತಿಲಿನ ದಂಟು, ಕೀರೆ, ಬಸಳೆ ಸೊಪ್ಪುಗಳನ್ನು ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಬೇಕು. ಪಾತಿ ತಗ್ಗಾಯಿತೆಂದು ದಿಬ್ಬದ ಮರಳನ್ನು ತಂದು ತುಂಬುವುದು ಎಂದಿಗೂ ಸಲ್ಲದು. ಹಿತ್ತಿಲನ್ನು ಬರಿದಾಗಿ ಬಿಡದೆ ಒಣ ಎಲೆ, ಹುಲ್ಲು ಹೊದಿಸಿದರೆ ಧೂಳು ಏಳುವುದು ಕಡಿಮೆಯಾಗುತ್ತದೆ, ತೇವವೂ ಉಳಿಯುತ್ತದೆ. ಒಣ ಬಳ್ಳಿಯ ರಾಶಿಯನ್ನು ಬರಿಗೈಯಿಂದ ಎತ್ತಬಾರದು. ಅದರ ತಂಪಿನಲ್ಲಿ ಚೇಳು, ಹಾವು ಸೇರಿರುತ್ತವೆ.

ಪಾತಿಗೆ ಕೆರೆಗೋಡು ಹೊಡೆಸುವವರು ಆ ಕೆರೆಗೆ ಯಾವ ನೀರು ಬರುತ್ತಿದೆಯೆಂದು ವಿಚಾರಿಸಿಕೊಳ್ಳಲಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ತಲಪಿ, ಮುಂದೆ ಜಿಲ್ಲೆಯ ಅನೇಕ ಕೆರೆಗಳನ್ನು ತುಂಬಿಸಿತು. ಅಂಥ ಕೆರೆಯ ಗೋಡು ಮಾವು, ತೆಂಗುಗಳಿಗೆ ಇರಲಿ. ಸೊಪ್ಪಿನ ಮಡಿಗೆ ಬೇಡವೆಂದು ನಮ್ಮ ಅಭಿಪ್ರಾಯ.

ತೋಟದ ಒಡೆದ ಕುಂಡ, ತಗಡಿನ ಡಬ್ಬ, ಹಳೆಯ ಟಯರುಗಳಲ್ಲಿ ಮೊದಲ ಮಳೆಯ ನೀರು ನಿಲ್ಲುತ್ತದೆ. ಡೆಂಗಿ, ಚಿಕೂನ್‌ಗುನ್ಯ ಹರಡುವ ಸೊಳ್ಳೆಯ ಮೊಟ್ಟೆಗಳು ಒಣ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ನೀರು ಮುಟ್ಟಿದೊಡನೆ ಮರಿಯಾಗುತ್ತವೆ. ಬರಿದೇ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ಉಜ್ಜಿ ಮಗುಚಿಡಬೇಕು. 2006ರ ಚಿಕೂನ್‌ಗುನ್ಯದಲ್ಲಿ ಹಿಡಿದ ಕೀಲುನೋವನ್ನು ಇಂದಿಗೂ ನೆನೆಯುವವರು ನಮ್ಮಲ್ಲಿದ್ದಾರೆ.

ಋತು ಬದಲಾಗುವಾಗ ಹಿಂದಿನದರ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನಗಳನ್ನು ವಾಗ್ಭಟಾಚಾರ್ಯರು ಋತುಸಂಧಿ ಎಂದು ಕರೆದಿದ್ದಾರೆ. ಬೇಸಿಗೆಯ ಆಹಾರವನ್ನು ಒಮ್ಮೆಲೇ ಬಿಡದೆ ಮೆಲ್ಲಮೆಲ್ಲನೆ ಮಳೆಗಾಲದ ಆಹಾರಕ್ಕೆ ಹೊರಳಬೇಕೆಂಬುದು ಅವರ ವಿಧಿ. ಬೇಸಿಗೆಯಲ್ಲಿ ಸಂಚಿತವಾದ ವಾತವು ಮಳೆಗಾಲದಲ್ಲಿ ಕೆರಳುತ್ತದೆ, ಜಠರಾಗ್ನಿ ಮಂದವಾಗುತ್ತದೆ. ಆದುದರಿಂದ ಸೌತೆಕಾಯಿ ಕೋಸಂಬರಿ, ನೀರುಮಜ್ಜಿಗೆಗಳನ್ನು ದಿನಬಿಟ್ಟು ದಿನಕ್ಕೆ ಇಳಿಸುತ್ತಾ, ತರಕಾರಿಯನ್ನು ಬೇಯಿಸಿ, ಮೆಣಸು, ಜೀರಿಗೆ, ಶುಂಠಿ, ಸ್ವಲ್ಪ ತುಪ್ಪ ಕೂಡಿಸಿ ಬಿಸಿಯಾಗಿ ಉಣ್ಣುವ ಕ್ರಮಕ್ಕೆ ಬರಬೇಕು. ಹೆಸರುಬೇಳೆಯ ಕಟ್ಟು, ಹಳೆಯ ಅಕ್ಕಿಯ ಅನ್ನ, ಕಾಯಿಸಿ ಆರಿಸಿದ ನೀರು ಈಗ ಹಿತ. ಹಗಲುನಿದ್ದೆಯನ್ನೂ ಕಡಿಮೆ ಮಾಡಿಕೊಳ್ಳಬೇಕು.

ಪಾತಿ ಹಸನಾದ ಮೇಲೆ ಮೃಗಶಿರಾ ಮಳೆಗೆ ಸೆಣಬನ್ನೋ ಅಲಸಂದೆಯನ್ನೋ ಚೆಲ್ಲಿ ಹೂವಿಗೆ ಬರುವಾಗ ಮಣ್ಣಿಗೆ ಸೇರಿಸಿದರೆ ಹಸಿರೆಲೆ ಗೊಬ್ಬರವಾಗುತ್ತದೆ. ಸೋರೆ ಇದ್ದ ಚಪ್ಪರದ ಬುಡಕ್ಕೆ ಮತ್ತೆ ಸೋರೆಯನ್ನೇ ಊರದೆ, ಆರಿದ್ರಾ ಮಳೆ ಬಿದ್ದ ಬಳಿಕ ಚಪ್ಪರದವರೆಯ ನಾಲ್ಕು ಬೀಜ ಹಾಕಿ. ಹಳೆಯ ಬಳ್ಳಿಯ ಒಣ ನುಲಿಗಳನ್ನು ಚಪ್ಪರದಿಂದ ಬಿಡಿಸಿ ತೆಗೆಯುವುದನ್ನು ಮಾತ್ರ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.